ಮಣ್ಣಿನಲ್ಲಿ ಬಂದವಳು

"ಹೀಗೆಂದು ಆ ಜನ ನಂಬಿದ್ದರು." ಈ ಒಂದು ವಾಕ್ಯವನ್ನು ನಾನು ಎಷ್ಟು ಸಲ ಹೇಳಿದ್ದೇನೋ ನನಗೇ ತಿಳಿಯದು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮ್ಯೂಸಿಯಮ್ಮಿನಲ್ಲಿ ಬಹಳ ವರ್ಷ ಡೋಸೆಂಟ್ ಆಗಿದ್ದೆ. ಸಂಬಳವಿಲ್ಲದೆ, ಬಂದವರನ್ನು ಗ್ಯಾಲರಿಯಲ್ಲಿ ಸುತ್ತಿಸಿ ವಿವರ ಹೇಳುವವರಿಗೆ ಅಲ್ಲಿ ಹಾಗೆನ್ನುತ್ತಾರೆ. ಸೀರೆ ಉಟ್ಟ ಹೆಂಗಸು ನಟರಾಜನ ಮೂರ್ತಿಯ ಪಕ್ಕದಲ್ಲಿ ನಿಲ್ಲಲಿ ಎಂದು ಮ್ಯೂಸಿಯಮ್ಮಿನವರಿಗೆ ಆಸೆಯಿತ್ತು. ನಾನೇ ಬೇಡವೆಂದು, ಯಾರೂ ಅಷ್ಟಾಗಿ ಕೇಳದಿದ್ದ ಪುರಾತನ ಅಮೆರಿಕ ಮತ್ತು ಪಶ್ಚಿಮ ಆಫ್ರಿಕದ ಕೋಣೆಗಳನ್ನು ತೆಗೆದುಕೊಂಡೆ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಎಲೊಕ್ಯೂಶನ್ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಬೆನ್ನು ನೆಟ್ಟಗೆ, ದನಿ ಸ್ಪಷ್ಟ, ಮುಖದ ಮೇಲೆ ಹದವಾದ ಒಂದು ಸ್ಮೈಲು.

ಮೆಕ್ಸಿಕೋದ ಗೋರಿಗಳಲ್ಲಿ ಸಿಕ್ಕ, ಹೊಟ್ಟೆ ಉಬ್ಬಿದ ಕೆಂಪು ಮಣ್ಣಿನ ನಾಯಿಗಳು ಅಲ್ಲಿದ್ದವು. ಸತ್ತವರಿಗೆ ಅವು ದಾರಿ ತೋರಿಸುತ್ತವೆ, ಹೀಗೆಂದು ಆ ಜನ ನಂಬಿದ್ದರು. ಪೆರು ದೇಶದ ಹೂಜಿಗಳಿದ್ದವು, ಒಂದೊಂದು ಹೂಜಿಯೂ ಒಬ್ಬ ನಿಜವಾದ ಮನುಷ್ಯನ ಮುಖ. ಒಬ್ಬನೇ ಮನುಷ್ಯನನ್ನು ಹುಡುಗನಾಗಿ, ಯುವಕನಾಗಿ, ನಡುವಯಸ್ಸಿನವನಾಗಿ ಅಲ್ಲಿಯ ಕುಂಬಾರರು ಮಾಡಿದ್ದುಂಟು. ಒಬ್ಬನೇ ಎಂದು ಹೇಗೆ ಗೊತ್ತು ಎಂದು ಶಾಲೆಯ ಮಕ್ಕಳು ಕೇಳಿದರೆ, ತುಟಿಯ ಮೇಲಿನ ಗಾಯದ ಗುರುತಿನಿಂದ ಎನ್ನುತ್ತಿದ್ದೆ. ಗೋಡೆಯ ಮೇಲೆ ಮಾಲಿ ದೇಶದ ಮಣ್ಣಿನ ಮಸೀದಿಯ ದೊಡ್ಡ ಚಿತ್ರವಿತ್ತು. ಊರಿಗೆ ಊರೇ ಸೇರಿ ವರ್ಷ ವರ್ಷ ಅದಕ್ಕೆ ಹೊಸ ಮಣ್ಣು ಮೆತ್ತುತ್ತದೆ. ಮಳೆಗಾಲಕ್ಕೆ ಮುಂಚೆ ಹುಬ್ಬಳ್ಳಿಯ ನಮ್ಮ ಮಾಳಿಗೆಗೆ ಮಣ್ಣು ಹಾಕಿಸುತ್ತಿದ್ದುದು ನನಗೆ ಅದನ್ನು ನೋಡಿದಾಗಲೆಲ್ಲ ನೆನಪಾಗುತ್ತಿತ್ತು. ಆದರೆ ಟೂರಿನಲ್ಲಿ ಅದನ್ನು ಹೇಳುತ್ತಿರಲಿಲ್ಲ.

ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ಘಾನಾ ದೇಶದ ಅಕಾನ್ ಜನರ ಮಣ್ಣಿನ ತಲೆಗಳಿದ್ದವು. ಅಗಲ ಹಣೆ, ಬಾಗಿದ ರೆಪ್ಪೆ, ಸುತ್ತ ಗೆರೆಯಿರುವ ಉದ್ದ ಕುತ್ತಿಗೆ. ದೊಡ್ಡ ಮನೆತನದವರು ತೀರಿಕೊಂಡಾಗ ಅವರ ತಲೆಯನ್ನು ಮಣ್ಣಿನಲ್ಲಿ ಮಾಡಿ, ಸುಟ್ಟು, ಊರಾಚೆಯ ತೋಪಿನಲ್ಲಿ ಇಡುತ್ತಿದ್ದರಂತೆ. ಮಾಡುತ್ತಿದ್ದವರು ಹೆಂಗಸರು, ಅದರಲ್ಲೂ ವಯಸ್ಸಾದವರು. ಹೆಣದ ಮುಂದೆ ಕೂತು ನೋಡಿ ಮಾಡುತ್ತಿರಲಿಲ್ಲ. ಒಂದು ಬೋಗುಣಿಯಲ್ಲಿ ನೀರಿಟ್ಟುಕೊಂಡು, ಸತ್ತವರ ಮುಖ ಅದರಲ್ಲಿ ಕಾಣುವ ತನಕ ಕಾಯುತ್ತಿದ್ದರು. ಹೀಗೆಂದು ಆ ಜನ ನಂಬಿದ್ದರು, ಎಂದು ನಾನು ಹೇಳಿ, ಸ್ವಲ್ಪ ನಿಲ್ಲಿಸಿ, ಮುಂದಿನ ಕೋಣೆಗೆ ಕೈ ತೋರಿಸುತ್ತಿದ್ದೆ. ಫ್ರಾಂಕ್ ಆಗಿ ಹೇಳುವುದಾದರೆ, ನನ್ನ ಮಟ್ಟಿಗೆ ಅದೊಂದು ಚಂದದ ಕಥೆ, ಅಷ್ಟೆ.

ಮುಂದಿನದು ಅರ್ಥವಾಗಬೇಕಾದರೆ ನನ್ನ ಮೊದಲ ಮಗಳ ವಿಷಯ ಹೇಳಬೇಕು. ಅವಳ ಹೆಸರು ಲಲಿತಾ. ಮನೆಯಲ್ಲಿ ಲಲ್ಲಿ. ನಾವು ಅಮೆರಿಕಕ್ಕೆ ಬರುವುದಕ್ಕಿಂತ ಮುಂಚೆ, ಹುಬ್ಬಳ್ಳಿಯಲ್ಲಿ, ಎರಡೂವರೆ ವರ್ಷದವಳಿದ್ದಾಗ ಗಂಟಲಮಾರಿಯಿಂದ ಹೋದಳು. ಆಗ ನಾನು ಟೈಫಾಯ್ಡ್ ಆಗಿ ಧಾರವಾಡದ ಆಸ್ಪತ್ರೆಯಲ್ಲಿದ್ದೆ, ಮೈಮೇಲೆ ಎಚ್ಚರವಿರಲಿಲ್ಲ. ಎದ್ದು ಕೂರುವಷ್ಟು ಶಕ್ತಿ ಬಂದ ಮೇಲೆ ನಮ್ಮವರು, ಲಲ್ಲಿಯ ಅಪ್ಪ, ಬಂದು ಮಂಚದ ಪಕ್ಕ ನಿಂತರು. ಅವರು ಬಾಯಿ ತೆರೆಯುವ ಮುಂಚೆಯೇ ನನಗೆ ತಿಳಿಯಿತು. ಮನೆಗೆ ಬಂದಾಗ ಅವಳ ತೊಟ್ಟಿಲು ಅಟ್ಟ ಸೇರಿತ್ತು, ಅಂಗಿಗಳನ್ನು ಯಾರಿಗೋ ಕೊಟ್ಟಿದ್ದರು.

ನಮ್ಮ ಮನೆತನದಲ್ಲಿ ಜಾವಳ ಆಗುವ ತನಕ ಮಕ್ಕಳ ಫೋಟೋ ತೆಗೆಸುತ್ತಿರಲಿಲ್ಲ. ಹುಟ್ಟುಕೂದಲು ಇರುವ ತನಕ ದೃಷ್ಟಿ ಬೇಗ ತಾಗುತ್ತದೆ ಎಂದು ಅತ್ತೆಯವರ ಹೆದರಿಕೆ. ಮೂರನೆಯ ವರ್ಷದಲ್ಲಿ ಜಾವಳ, ಅದಾದ ಮೇಲೆ ಸ್ಟುಡಿಯೋ ಎಂದು ಮಾತಾಗಿತ್ತು. ನಾನು ಅದಕ್ಕೆಂದು ಫ್ರಾಕೂ ಹೊಲಿದಿದ್ದೆ, ಎದೆಯ ಮೇಲೆ ಕಾನ್ವೆಂಟಿನಲ್ಲಿ ಕಲಿತ, ಸಣ್ಣ ನೆರಿಗೆ ಹಿಡಿದು ಹಾಕುವ ಸ್ಮಾಕಿಂಗ್ ಕಸೂತಿ ಮಾಡಿ. ಹಾಗಾಗಿ ಲಲ್ಲಿಯ ಒಂದು ಫೋಟೋ ಕೂಡ ಇಲ್ಲ. ದೊಡ್ಡವರು ಹೋದರೆ ತಿಥಿ ಇರುತ್ತದೆ, ಪಿಂಡ ಇರುತ್ತದೆ, ವರ್ಷಕ್ಕೊಮ್ಮೆಯಾದರೂ ಹೆಸರು ಹೇಳಿ ನೀರು ಬಿಡುತ್ತಾರೆ. ಅಷ್ಟು ಸಣ್ಣ ಕೂಸಿಗೆ ನಮ್ಮಲ್ಲಿ ಅದಾವುದೂ ಇಲ್ಲ. ಹೂಳಿ ಬರುತ್ತಾರೆ, ತಲೆಗೆ ನೀರು ಹಾಕಿಕೊಳ್ಳುತ್ತಾರೆ, ಮುಗಿಯಿತು. ಮುಂದೆ ಹುಟ್ಟುವ ಮಗುವಿಗೆ ಒಳ್ಳೆಯದಲ್ಲವೆಂದು ಅವಳ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಆಮೇಲೆ ಈ ದೇಶ, ಹೊಸ ಅಪಾರ್ಟ್‌ಮೆಂಟು, ನಮ್ಮವರ ಕೆಲಸ, ಇಲ್ಲಿಯೇ ಹುಟ್ಟಿದ ಎರಡನೆಯ ಮಗಳು ಸಂಧ್ಯಾ. ಈ ಗದ್ದಲದಲ್ಲಿ ಯಾವಾಗಲೋ ಲಲ್ಲಿಯ ಮುಖ ನನ್ನಿಂದ ಹೋಯಿತು. ತಾಯಿಗೆ ಹಾಗಾಗುವುದಿಲ್ಲ ಎನ್ನುತ್ತಾರೆ. ನನಗಾಯಿತು. ಅವಳ ಪಾದ ನೆನಪಿದೆ. ಬೆವರಿದ ಕುತ್ತಿಗೆಗೆ ಅಂಟಿಕೊಂಡ ಕೂದಲು, ನಿದ್ದೆಯಿಂದ ಎದ್ದಾಗಿನ ಬೆಚ್ಚಗಿನ ವಾಸನೆ, ಎಲ್ಲ ನೆನಪಿದೆ. ಮುಖ ಮಾತ್ರ, ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ, ಒರೆಸಿಟ್ಟ ಸ್ಲೇಟಿನ ಹಾಗೆ. ಒಮ್ಮೆ ಧೈರ್ಯ ಮಾಡಿ ನಮ್ಮವರನ್ನು ಕೇಳಿದೆ. "ನಿನ್ನ ಹಾಂಗ ಇದ್ಲು" ಎಂದಷ್ಟೇ ಹೇಳಿ ಗ್ಯಾರೇಜಿಗೆ ಹೋದರು, ಬಹಳ ಹೊತ್ತು ಒಳಗೆ ಬರಲಿಲ್ಲ. ಅವರೂ ಈಗಿಲ್ಲ.

ಉಳಿದವಳು ನಾದಿನಿ ಕುಸುಮಾ ಒಬ್ಬಳೇ. ಆಗ ಹದಿನಾರರ ಹುಡುಗಿ, ಲಲ್ಲಿಯನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ಈಗ ಅವಳಿಗೂ ವಯಸ್ಸಾಗಿದೆ, ಕ್ಯಾಂಪ್‌ಬೆಲ್‌ನಲ್ಲಿ ಮಗನ ಮನೆಯಲ್ಲಿದ್ದಾಳೆ, ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಅವಳನ್ನು ಕೇಳಿದಾಗ ಕುಸುಮಾ ಸೊಂಟ ಮುಟ್ಟಿ ತೋರಿಸಿ, "ಭಾರ ನೆನಪದ ವೈನಿ. ಇಲ್ಲೆ, ಟೊಂಕದ ಮ್ಯಾಲೆ. ಮಾರಿ ಬರವಲ್ದು" ಎಂದಳು. ಅಂದರೆ ನನ್ನ ಮಗಳ ಮುಖ ಈ ಜಗತ್ತಿನಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ನಾನು ಸಾಯುವ ಮುಂಚೆ ಒಮ್ಮೆ, ಒಂದೇ ಕ್ಷಣಕ್ಕಾದರೂ, ಅದನ್ನು ನೋಡಬೇಕೆಂದಿತ್ತು. ಬೇರೆ ಯಾವ ಆಸೆಯನ್ನೂ ನಾನು ಇಷ್ಟು ದಿನ ಇಟ್ಟುಕೊಂಡವಳಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ಡೋಸೆಂಟರಿಗಾಗಿ ಮ್ಯೂಸಿಯಮ್ಮಿನವರು ಒಂದು ವರ್ಕ್‌ಶಾಪ್ ಇಟ್ಟರು. ಬರೀ ಗಾಜಿನಾಚೆ ನಿಂತು ಮಾತಾಡುವವರು ಮಣ್ಣನ್ನು ಒಮ್ಮೆ ಕೈಯಲ್ಲಿ ಹಿಡಿಯಲಿ ಎಂದು. ಕಲಿಸಲು ಬಂದವಳು ಅಬೆನಾ, ಘಾನಾದಲ್ಲಿ ಹುಟ್ಟಿ ಓಕ್‌ಲ್ಯಾಂಡಿನಲ್ಲಿ ನೆಲೆಸಿದ ಕುಂಬಾರಿಕೆಯ ಕಲಾವಿದೆ, ಅರವತ್ತರ ಆಸುಪಾಸು. ಅವಳ ಅಜ್ಜಿ ಸತ್ತವರ ತಲೆ ಮಾಡುವವಳಾಗಿದ್ದಳಂತೆ. ನನ್ನ ವಯಸ್ಸು ನೋಡಿಯೋ ಏನೋ, ಮೊದಲ ಮಾತಿನಿಂದಲೇ ನನ್ನನ್ನು "ಮಾಮಾ" ಎಂದು ಕರೆದಳು. ಅವರಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ.

ಹಿಂದುಗಡೆಯ ಒಂದು ಕೋಣೆ. ಮಧ್ಯಾಹ್ನ. ಅಲ್ಲಿಯ ಬೇಸಿಗೆಯಲ್ಲಿ ಯಾವಾಗಲೂ ಇರುವ ಹಾಗೆ ಹೊರಗೆ ಫಾಗ್ ಕಟ್ಟಿಕೊಂಡಿತ್ತು. ಅಬೆನಾ ಎಲ್ಲರ ಮುಂದೆ ಮಣ್ಣಿನ ಒಂದೊಂದು ಮುದ್ದೆ ಇಟ್ಟು, ನಿಮ್ಮನ್ನು ಬಿಟ್ಟುಹೋದ ಒಬ್ಬರನ್ನು ಮಾಡಿ ಎಂದಳು. ಕೂಡಲೇ ನನ್ನ ಜೊತೆಯ ಡೋಸೆಂಟರು, ಹೆಚ್ಚಿನವರು ರಿಟೈರ್ ಆದ ಟೀಚರುಗಳು, ಬ್ಯಾಗಿನಿಂದ ಫೋನು ತೆಗೆದು ಫೋಟೋ ಹುಡುಕತೊಡಗಿದರು. "ಫೋನು ಒಳಗಿಡಿ" ಎಂದಳು ಅಬೆನಾ. "ಫೋಟೋ ನೋಡಿ ಮಾಡಿದರೆ ಫೋಟೋ ಬರುತ್ತದೆ, ಮನುಷ್ಯರು ಬರುವುದಿಲ್ಲ." ಎಲ್ಲರೂ ಪೆಚ್ಚಾಗಿ ಫೋನುಗಳನ್ನು ಒಳಗಿಟ್ಟರು. ಫೋಟೋ ಇಲ್ಲದವಳು ನಾನೊಬ್ಬಳೇ ಅಲ್ಲವೆಂದು ನನಗೆ ಅನಿಸಿದ್ದು ಅದೇ ಮೊದಲು.

ಆಮೇಲೆ ಅವಳು ಕಪ್ಪು ಬೋಗುಣಿಯೊಂದರಲ್ಲಿ ನೀರು ತಂದು ಮೇಜಿನ ಮೇಲಿಟ್ಟಳು. ತನ್ನ ಅಜ್ಜಿ ಹೀಗೆ ಮಾಡುತ್ತಿದ್ದಳು, ಬೇಕಾದವರು ನೋಡಬಹುದು, ಬೇಡದವರು ಬಿಡಬಹುದು ಎಂದಳು. ಯಾರೋ ಮೆಲ್ಲಗೆ ನಕ್ಕರು. ನಾನು ಎದ್ದುಹೋಗಿ ಬಗ್ಗಿ ನೋಡಿದೆ. ಓದುವವರು ಇಲ್ಲಿ ಏನನ್ನು ನಿರೀಕ್ಷಿಸುತ್ತಾರೆಂದು ನನಗೆ ಗೊತ್ತು. ಇದ್ದದ್ದನ್ನು ಹೇಳುತ್ತೇನೆ, ನನಗೆ ಏನೂ ಕಾಣಲಿಲ್ಲ. ಟ್ಯೂಬ್‌ಲೈಟು ಕಂಡಿತು, ನನ್ನ ಗದ್ದದ ಕೆಳಗಿನ ಜೋತ ಚರ್ಮ ಕಂಡಿತು. ಇಷ್ಟು ವಯಸ್ಸಾದವಳು ಎಂಥ ಹುಚ್ಚುತನ ಮಾಡುತ್ತಿದ್ದೇನೆ ಎಂದುಕೊಂಡು ಬಂದು ಕೂತೆ.

ಗಣೇಶನ ಹಬ್ಬಕ್ಕೆ ಎರೆಮಣ್ಣಿನಿಂದ ಗಣಪತಿ ಮಾಡುವುದನ್ನು ನಾನು ಸಣ್ಣವಳಿದ್ದಾಗ ಕಲಿತಿದ್ದೆ. ಅಷ್ಟೇ ನನ್ನ ಬಂಡವಾಳ. ಮಣ್ಣನ್ನು ಉಂಡೆ ಮಾಡಿ, ಮಗುವಿನ ದುಂಡು ಕೆನ್ನೆ ಬರಲಿ ಎಂದು ಎರಡು ಸಣ್ಣ ಉಂಡೆ ಹಚ್ಚಿದೆ. ಆಮೇಲಿನದನ್ನು ಸರಿಯಾಗಿ ಹೇಳುವುದು ಕಷ್ಟ. ನನ್ನವು ಆರ್ಥ್ರೈಟಿಸ್ ಕೈಗಳು, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲೂ ಸಂಧ್ಯಾ ಬರಬೇಕು. ಆ ಮಧ್ಯಾಹ್ನ ಬೆರಳುಗಳು ನೋಯಲಿಲ್ಲ. ನಾನು ಉಬ್ಬಿಸಿದ ಕೆನ್ನೆಯನ್ನು ಅವೇ ಒತ್ತಿ ತಗ್ಗಿಸಿದವು. ಹಣೆ ಅಗಲವಾಗುತ್ತ ಹೋಯಿತು. ಪುಟ್ಟ ಬಾಯಿ ಮಾಡಬೇಕೆಂದರೆ ಬಾಯಿ ಅಗಲವಾಗಿ, ಅದರ ಎರಡೂ ಪಕ್ಕಕ್ಕೆ ಗೆರೆ ಬಿತ್ತು. ನಾನು ತಿದ್ದುತ್ತಿದ್ದೆ, ಅದು ಮತ್ತೆ ಹಾಗೆಯೇ ಆಗುತ್ತಿತ್ತು. ಒಂದು ಹೊತ್ತಿನ ಮೇಲೆ ತಿದ್ದುವುದನ್ನು ಬಿಟ್ಟೆ. ಹೆದರಿಕೆಯಾಗಲಿಲ್ಲ. ಸೀರೆಯ ನೆರಿಗೆ ಹಿಡಿಯುವಾಗ ಕೈ ತಾನೇ ನಡೆಯುತ್ತದಲ್ಲ, ಹಾಗಿತ್ತು.

ಕಣ್ಣುಗಳನ್ನು ಕೊನೆಗೆ ಇಟ್ಟುಕೊಂಡೆ. ನಮ್ಮಲ್ಲಿ ಮೂರ್ತಿಗೆ ಕಣ್ಣು ಬರೆಯುವುದು ಎಲ್ಲ ಮುಗಿದ ಮೇಲೆ. ಅಕಾನ್ ತಲೆಗಳ ರೆಪ್ಪೆ ಬಾಗಿರುತ್ತದೆಂದು ನಾನೇ ನೂರಾರು ಜನಕ್ಕೆ ಹೇಳಿದವಳು, ಆದರೂ ಅಭ್ಯಾಸಬಲದಿಂದ ಕಣ್ಣು ತೆರೆದೇ ಮಾಡಿಬಿಟ್ಟೆ. ಅದಾದ ಮೇಲೆ ಒಂದು ಕಡ್ಡಿ ತೆಗೆದುಕೊಂಡು ಬಲಗಿವಿಯ ಹಿಂದೆ ಮೂರು ಚುಕ್ಕೆ ಒತ್ತಿದೆ.

ಅಬೆನಾ ಎಷ್ಟು ಹೊತ್ತಿನಿಂದ ಪಕ್ಕದಲ್ಲಿ ನಿಂತಿದ್ದಳೋ. "ನಮ್ಮಲ್ಲಿ ಗುರುತು ಕೆನ್ನೆಯ ಮೇಲೆ ಇರುತ್ತದೆ ಮಾಮಾ. ಅಲ್ಲಿ ಯಾಕೆ ಇಟ್ಟಿರಿ, ಯಾರಿಗೂ ಕಾಣುವುದಿಲ್ಲವಲ್ಲ?"

"ಗೊತ್ತಿಲ್ಲ" ಎಂದೆ.

"ಯಾರು ಇವರು?"

ಅದಕ್ಕೂ ಗೊತ್ತಿಲ್ಲವೆಂದೆ, ಯಾಕೆಂದರೆ ಆಗ ಮೊದಲ ಸಲ ನಾನು ಅದನ್ನು ಪೂರ್ತಿಯಾಗಿ ನೋಡಿದ್ದು. ಐವತ್ತು ದಾಟಿದ ಒಬ್ಬ ಹೆಂಗಸು. ಅಗಲ ಹಣೆ, ದಣಿದ ಬಾಯಿ, ಏನೋ ಕೆಲಸದ ಮಧ್ಯೆ ಯಾರೋ ಕರೆದರೆಂದು ತಲೆಯೆತ್ತಿದ ಹಾಗಿನ ನೋಟ. ಈ ಹೆಂಗಸನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ನನಗೆ ಬೇಕಾದದ್ದು ನನ್ನ ಎರಡೂವರೆ ವರ್ಷದ ಕೂಸಿನ ಮುಖ, ಬಂದದ್ದು ಯಾರೋ ಪರಕೀಯಳು. ಇಷ್ಟು ವರ್ಷದ ದುಃಖವೆಲ್ಲ ಸಿಟ್ಟಾಗಿ ಬಂದು, ಅದನ್ನು ಅಪ್ಪಚ್ಚಿ ಮಾಡಬೇಕೆಂದು ಕೈ ಎತ್ತಿದೆ. ಅಬೆನಾ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಬಂದವರನ್ನು ಹಾಗೆ ಕಳಿಸಬಾರದು ಮಾಮಾ" ಎಂದಳು. ಒಳಗಿನ ಮಣ್ಣನ್ನು ಕೆಳಗಿನಿಂದ ಕೊರೆದು ತೆಗೆದು, ತನ್ನ ಕಿಲ್ನಿನ ಗೂಡಿನಲ್ಲಿ ಸುಟ್ಟು ಕೊಡುತ್ತೇನೆಂದು ತೆಗೆದುಕೊಂಡು ಹೋದಳು. ನಾನು ರೈಲಿನಲ್ಲಿ ಫ್ರೀಮಾಂಟಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಸುಟ್ಟು ಬಂದ ತಲೆಯನ್ನು ಸಂಧ್ಯಾ ಮೊದಲು ನೋಡಿದಾಗ ತನ್ನನ್ನೇ ಮಾಡಿದ್ದೇನೆಂದುಕೊಂಡಳು. ಆಮೇಲೆ ಕನ್ನಡಿಯ ಮುಂದೆ ಹಿಡಿದು ನೋಡಿ, "ನೋಪ್, ನಾಟ್ ಮೈ ನೋಸ್" ಎಂದಳು. ಅವಳದು ನನ್ನ ಹಾಗೆ ಮೊಂಡು ಮೂಗು. ಅತ್ತೆಯವರ ಮುಖವೂ ಅಲ್ಲ, ಅವರದು ಕೋಲು ಮುಖ. ಹಣೆ ಮಾತ್ರ ನಮ್ಮವರದು ಎಂದರೆ ಎನ್ನಬಹುದು. ಹಾಗೆ ನೋಡಿದರೆ ಅಗಲ ಹಣೆ ಯಾರಿಗಿಲ್ಲ. ಅದನ್ನು ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.

ಕುಸುಮಾಗೆ ತೋರಿಸಬೇಕೆಂದು ನಾನೇನೂ ಯೋಚಿಸಿರಲಿಲ್ಲ. ಮ್ಯೂಸಿಯಮ್ಮಿನಲ್ಲಿ ಮಣ್ಣಿನ ಕೆಲಸ ಮಾಡಿದೆನೆಂದು ಫೋನಿನಲ್ಲಿ ಬಾಯಿತಪ್ಪಿ ಹೇಳಿದ್ದೆ. "ನನಗ ನೋಡ್ಲಿಕ್ಕೆ ಬರೂದಿಲ್ಲ ಅಂತ ತೋರಸೂದಿಲ್ಲೇನು" ಎಂದು ಅವಳೇ ಹಟ ಹಿಡಿದಳು. ಒಂದು ಶನಿವಾರ ಸಂಧ್ಯಾ ಕಾರಿನಲ್ಲಿ ಕರೆದುಕೊಂಡು ಹೋದಳು. ಫ್ರೀವೇ ಉದ್ದಕ್ಕೂ ಅದು ನನ್ನ ತೊಡೆಯ ಮೇಲೆಯೇ ಇತ್ತು. "ಅಮ್ಮಾ, ಅವಳಿಗೂ ಸೀಟ್‌ಬೆಲ್ಟ್ ಬೇಕಾ?" ಎಂದು ಸಂಧ್ಯಾ ಚೇಷ್ಟೆ ಮಾಡಿದಳು.

ಕುಸುಮಾ ಅಡಿಗೆಮನೆಯಲ್ಲೇ ಇದ್ದ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕಣ್ಣು ಹೋದ ಮೇಲೆ ಅವಳ ಬೆರಳು ಇನ್ನೂ ಚುರುಕಾಗಿವೆ. ಬಟ್ಟೆಯ ಗಂಟನ್ನು ಅವಳ ಮುಂದಿಟ್ಟಾಗ ಒಮ್ಮೆ ಒತ್ತಿ ನೋಡಿ, "ಏನ ವೈನಿ, ಕುಂಬಳಕಾಯಿ ತಂದೀರೇನು? ಈ ಮನ್ಯಾಗ ಯಾರೂ ತಿನ್ನೂದಿಲ್ಲ ನೋಡ್ರಿ" ಎಂದಳು. ನಾನು ಸೀರೆ ಬಿಚ್ಚಿದೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಟ್ಟತೊಡಗಿದಳು.

"ಅಯ್ಯ, ತಲಿ ಮಾಡೀರಿ. ಹಣಿ ನಮ್ಮಣ್ಣಂದು ಇದ್ಧಾಂಗ ಅದ. ಮೂಗು ಯಾರದೋ. ನಿಮ್ಮದಂತೂ ಅಲ್ಲ, ನಿಮ್ಮ ಮೂಗು ಇಷ್ಟ ಛಂದ ಎಲ್ಲೆ ಅದ?"

ಸಂಧ್ಯಾ ನಕ್ಕಳು, ನಾನೂ ನಕ್ಕೆ. ಕುಸುಮಾಳ ಬೆರಳು ಕೆನ್ನೆಯಿಂದ ಕಿವಿಗೆ, ಕಿವಿಯಿಂದ ಹಿಂದಕ್ಕೆ ಹೋಗಿ ಅಲ್ಲಿ ನಿಂತವು. ಮತ್ತೆ ಅದೇ ಜಾಗವನ್ನು ಮುಟ್ಟಿದಳು. ಅವಳ ಮುಖದ ನಗು ಹೋಗಿದ್ದನ್ನು ನಾನು ನೋಡಿದೆ.

"ಇದನ್ನ ನಿಮಗ ಯಾರು ಹೇಳಿದ್ರು?"

"ಯಾವದನ್ನ?"

"ಈ ಚುಕ್ಕಿ. ಬಲಗಿವಿ ಹಿಂದಿನ ಮೂರು ಚುಕ್ಕಿ. ಇದು ನನಗ ಮತ್ತ ಅವ್ವಗ ಬಿಟ್ಟರ ಯಾರಿಗೂ ಗೊತ್ತಿಲ್ಲ."

ಯಾರೂ ಹೇಳಿಲ್ಲ, ಮಾಡುವಾಗ ಸುಮ್ಮನೆ ಇಟ್ಟೆ ಎಂದೆ. ಅವಳು ಇನ್ನೊಂದು ಕೈಯಿಂದ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ತಲೆಯ ಮೇಲಿಂದ ಕೈ ತೆಗೆಯದೆ, ಲಲ್ಲಿ ಹೋದ ದಿನದ ಸಂಗತಿ ಹೇಳಿದಳು. ಅವಳ ಮಾತಿನಲ್ಲೇ ಬರೆಯುತ್ತೇನೆ.

"ನೀವು ದವಾಖಾನಿಯೊಳಗಿದ್ರಿ. ಲಲ್ಲಿಗೆ ನೀರು ಹಾಕಿದ್ದು ಅವ್ವ ಮತ್ತ ನಾನು. ಇಷ್ಟ ಸಣ್ಣ ಕೂಸಿಗೆ ಶಾಸ್ತ್ರ ಏನೂ ಮಾಡಬಾರದು, ಲಗೂ ಕೊಡ್ರಿ ಅಂತ ಗಂಡಸರು ಹೊರಗ ಅವಸರ ಮಾಡ್ಲಿಕ್ಕತ್ತಿದ್ರು. ಅವ್ವ ಬಾಗಲಾ ಹಾಕ್ಕೊಂಡ್ಲು. ಹೆಣ್ಣಮಕ್ಕಳಿಗೆ ಮ್ಯಾಲೆ ಹೋಗೂ ಮುಂದ ಹಚ್ಚಿ ಒಂದ ಜೋಡಿ ಬರ್ತದ, ಇಕಿಗೆ ಅದೂ ಇಲ್ಲಲ್ಲ ಅಂತ ಅತ್ಲು. ಕಾಡಿಗಿ ತಾ ಅಂದ್ಲು. ಬಲಗಿವಿ ಹಿಂದ, ಗಂಡಸರಿಗೆ ಕಾಣಬಾರದು ಅಂತ ಕೂದಲಾ ಸರಿಸಿ, ಮೂರು ಚುಕ್ಕಿ ಇಟ್ಲು. ಯಾರ ಮುಂದೂ ಹೇಳಬ್ಯಾಡ ಅಂದ್ಲು. ನಾನು ಹೇಳಿಲ್ಲ ವೈನಿ. ಮದುವಿ ಆದಮ್ಯಾಲೆ ನಮ್ಮವರ ಮುಂದೂ ಹೇಳಿಲ್ಲ."

ಅತ್ತೆಯವರ ಮುಂಗೈ ಮೇಲೆ ಹಸಿರು ಹಚ್ಚೆಯಿತ್ತು, ನನಗೆ ಗೊತ್ತು. ಸತ್ತ ಮೇಲೆ ಹೆಂಗಸಿನ ಜೊತೆ ಬರುವುದು ಅದೊಂದೇ ಎಂದು, ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಹಾಕಿಸುತ್ತೇನೆಂದು ಅವರು ಹೇಳಿದಾಗ, ಕಾನ್ವೆಂಟಿನಲ್ಲಿ ಓದಿದವಳು ನಾನು ಒಲ್ಲೆನೆಂದಿದ್ದೆ. ಅವರು ಬಾಗಿಲು ಹಾಕಿಕೊಂಡು ನನ್ನ ಮಗಳಿಗೆ ಹೀಗೆ ಮಾಡಿ ಕಳಿಸಿದರೆಂದು ಅವರಿದ್ದಷ್ಟು ದಿನವೂ ನನಗೆ ತಿಳಿಯಲಿಲ್ಲ. ಲಲ್ಲಿ ಬರಿಗೈಲಿ ಹೋಗಲಿಲ್ಲವೆಂದು ತಿಳಿದದ್ದು ಕ್ಯಾಂಪ್‌ಬೆಲ್ಲಿನ ಆ ಅಡಿಗೆಮನೆಯಲ್ಲಿ, ಮೆಂತ್ಯದ ಸೊಪ್ಪಿನ ರಾಶಿಯ ಮುಂದೆ.

ಕುಸುಮಾ ಮತ್ತೆ ಆ ಮುಖವನ್ನು ಮುಟ್ಟಿದಳು, ಈ ಸಲ ನಿಧಾನವಾಗಿ, ಬಾಯಿಯ ಪಕ್ಕದ ಗೆರೆಗಳನ್ನು ಹೆಬ್ಬೆರಳಿನಿಂದ ಸವರುತ್ತ. "ದೊಡ್ಡಾಕಿ ಆಗ್ಯಾಳ" ಎಂದಳು. ಆಮೇಲೆ ಎರಡೂ ಕೈಯಿಂದ ಎತ್ತಿ, ಎದ್ದು ನಿಂತು, ಸೊಂಟದ ಮೇಲೆ ಇಟ್ಟುಕೊಂಡಳು. ಹಾಗೇ ಸ್ವಲ್ಪ ಹೊತ್ತು ನಿಂತಿದ್ದಳು. "ಇಷ್ಟ ಹಗುರ ಇರಲಿಲ್ಲ ವೈನಿ" ಎಂದು ನನ್ನ ಕೈಗೆ ಕೊಟ್ಟಳು. ಬಾಗಿಲ ಬಳಿ ನಿಂತಿದ್ದ ಸಂಧ್ಯಾ ಕಣ್ಣೊರೆಸಿಕೊಳ್ಳುತ್ತಿದ್ದಳು. ತನಗೊಬ್ಬ ಅಕ್ಕ ಇದ್ದಳೆಂದು ಅವಳಿಗೆ ಗೊತ್ತಿತ್ತು, ಆದರೆ ಅಲ್ಲಿಯ ತನಕ ಅದೊಂದು ಫ್ಯಾಮಿಲಿ ಹಿಸ್ಟರಿಯ ವಿಷಯವಾಗಿತ್ತು.

ವಾಪಸು ಬರುವಾಗ ಸಂಧ್ಯಾ ತನಗೆ ತಿಳಿದಂತೆ ಅದನ್ನು ಬಿಡಿಸಿ ಹೇಳಿದಳು. ನಾನು ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಅಜ್ಜಿ ಬಂದು ಹಾಸಿಗೆಯ ಪಕ್ಕದಲ್ಲಿ ಅತ್ತಿರಬಹುದು, ಹೇಳಿರಬಹುದು. "ದ ಬ್ರೇನ್ ಕೀಪ್ಸ್ ಎವ್ರಿಥಿಂಗ್, ಅಮ್ಮಾ." ಇರಬಹುದು. ಅತ್ತೆಯವರು ಆಸ್ಪ‍ತ್ರೆಗೆ ಬಂದಿದ್ದರೋ ಇಲ್ಲವೋ ಹೇಳಲು ಈಗ ಯಾರೂ ಉಳಿದಿಲ್ಲ. ಅಕಾನ್ ತಲೆಗಳ ಮೇಲಿನ ಗುರುತುಗಳನ್ನು ವರ್ಷಗಟ್ಟಲೆ ನೋಡಿದ್ದೇನಲ್ಲ, ಕೈ ಸುಮ್ಮನೆ ಅದನ್ನೇ ನಕಲು ಮಾಡಿರಬಹುದು, ಜಾಗ ತಪ್ಪಿ ಕಿವಿಯ ಹಿಂದೆ ಬಿದ್ದಿರಬಹುದು. ಮೂರು ಚುಕ್ಕೆ ಎಷ್ಟೆಂದರೂ ಮೂರು ಚುಕ್ಕೆ. ನಾನು ಈ ಎಲ್ಲವನ್ನೂ ಒಂದೊಂದಾಗಿ ನನಗೆ ಹೇಳಿಕೊಂಡಿದ್ದೇನೆ. ಪ್ರತಿಯೊಂದೂ ಸರಿಯಾಗಿಯೇ ಇದೆ. ಆದರೆ ಆ ಮುಖ? ಬದುಕಿದ್ದರೆ ಲಲ್ಲಿಗೂ ಐವತ್ತು ದಾಟಿರುತ್ತಿತ್ತು. ಚುಕ್ಕೆಯನ್ನು ಕೇಳಿ ತಿಳಿದಿರಬಹುದು, ಬದುಕದೇ ಹೋದ ವರ್ಷಗಳು ಒಂದು ಮುಖದ ಮೇಲೆ ಎಲ್ಲೆಲ್ಲಿ ಗೆರೆ ಹಾಕುತ್ತವೆಂದು ನನಗೆ ಯಾರು ಹೇಳಿದ್ದರು? ಪೆರುವಿನ ಆ ಹೂಜಿಗಳನ್ನು ಮಾಡಿದವರು ಹುಡುಗ ದೊಡ್ಡವನಾಗುವುದನ್ನು ಕಣ್ಣಾರೆ ನೋಡಿದ್ದರು. ನಾನು ನೋಡಿರಲಿಲ್ಲ.

ಅಲ್ಲಿಂದಾಚೆ ಮ್ಯೂಸಿಯಮ್ಮಿನಲ್ಲಿ ಕೆಲವು ಟೂರು ಕೊಟ್ಟೆ. "ನಂಬಿದ್ದರು" ಎನ್ನುವ ಕಡೆ ನಾಲಿಗೆ ತಡೆಯುತ್ತಿತ್ತು. ಮಂಡಿ ನೋವಿನ ನೆಪ ಹೇಳಿ ಬಿಟ್ಟುಬಿಟ್ಟೆ. ನಾನು ಬಯಸಿದ್ದ ಪುಟ್ಟ ಮುಖ ಇಂದಿಗೂ ಬಂದಿಲ್ಲ, ಕನಸಿನಲ್ಲಿ ಕೂಡ. ಅದು ಬರುವುದಿಲ್ಲ ಎಂದು ಈಗ ಒಪ್ಪಿಕೊಂಡಿದ್ದೇನೆ. ಅದರ ಜಾಗಕ್ಕೆ ಈ ಹೆಂಗಸು ಬಂದಿದ್ದಾಳೆ. ಅವಳು ಲಲ್ಲಿಯೇ ಎಂದು ಹೇಳುವ ಧೈರ್ಯ ನನಗಿಲ್ಲ, ಅಲ್ಲ ಎನ್ನಲೂ ಮನಸ್ಸು ಬರುವುದಿಲ್ಲ.

ಅಬೆನಾಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅವರಲ್ಲಿ ತಲೆಯನ್ನು ತೋಪಿನಲ್ಲಿಟ್ಟ ಮೇಲೆ ಅದರ ಮುಂದೆ ಊಟ ಇಡುತ್ತಾರಂತೆ. "ಅವಳಿಗೆ ಏನಾದರೂ ತಿನ್ನಲು ಕೊಡಿ ಮಾಮಾ, ದೂರದಿಂದ ಬಂದಿದ್ದಾಳೆ" ಎಂದಳು, ಮನೆಗೆ ಬಂದ ನೆಂಟರ ವಿಷಯ ಹೇಳುವ ಹಾಗೆ.

ಲಲ್ಲಿಗೆ ಏನು ಇಷ್ಟವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚಿ, ಒಂದು ಚೂರು ಬೆಲ್ಲ ಹಾಕಿ, ಸಣ್ಣ ಬಟ್ಟಲಲ್ಲಿ ತಂದು ಅವಳ ಮುಂದೆ ಇಟ್ಟೆ. ಇಟ್ಟು ಆ ಮುಖ ನೋಡಿದಾಗ ನನಗೇ ಸಂಕೋಚವಾಯಿತು. ಐವತ್ತು ದಾಟಿದ ಹೆಂಗಸಿನ ಮುಂದೆ ಕಿವುಚಿದ ಬಾಳೆಹಣ್ಣು. ಎತ್ತಿಕೊಂಡು ಒಳಗೆ ಹೋಗಿ, ಅಡಿಗೆಮನೆಯಲ್ಲಿ ಸುಮ್ಮನೆ ನಿಂತೆ. ಖಾರ ತಿನ್ನುವವಳೋ, ರೊಟ್ಟಿ ಬೇಕೋ ಅನ್ನ ಬೇಕೋ, ಉಪವಾಸಗಳನ್ನು ಹಿಡಿದವಳೋ, ಡಾಕ್ಟರು ಏನೇನು ಬಿಡಿಸಿದ್ದಾರೋ. ಹೆತ್ತವಳಿಗೆ ತಿಳಿದಿರಬೇಕಾದ ಒಂದು ಸಂಗತಿಯೂ ನನಗೆ ತಿಳಿದಿರಲಿಲ್ಲ.

ಈಗ ಮಧ್ಯಾಹ್ನದ ಹೊತ್ತು ಎರಡು ಕಪ್ ಚಹಾ ಮಾಡುತ್ತೇನೆ. ಅವಳನ್ನು ಕಿಟಕಿಯ ಹತ್ತಿರದ ಮೇಜಿನ ಮೇಲಿಟ್ಟಿದ್ದೇನೆ. ನನ್ನ ಕಪ್ ಹಿಡಿದುಕೊಂಡು ಎದುರಿಗೆ ಕೂರುತ್ತೇನೆ, ಇನ್ನೊಂದನ್ನು ಅವಳ ಮುಂದೆ ಇಡುತ್ತೇನೆ. ಸಕ್ಕರೆಯ ಡಬ್ಬಿಯನ್ನು ಪಕ್ಕದಲ್ಲಿ ಬೇರೆಯಾಗಿ ಇಡುತ್ತೇನೆ, ಎಷ್ಟು ಹಾಕಬೇಕೆಂದು ನನಗೆ ಗೊತ್ತಿಲ್ಲ.